ಗೀಸರ್ ಮುನಿಯಲ್ಲಪ್ಪ ಸುಮ್ಮನಿದ್ದ ದಿನ

ಕೋಲಾರದಲ್ಲಿ ಗೀಸರ್ ಕೆಟ್ಟರೆ ಜನ ಮೊದಲು ಗೀಸರಿಗೆ ಬೈಯುತ್ತಾರೆ, ಆಮೇಲೆ ಕಂಪನಿಗೆ ಬೈಯುತ್ತಾರೆ, ಕೊನೆಗೆ ನೀರು ಕಾಯಿಸುವ ಕಾಯಿಲ್ ಮಾರಿದ ತಪ್ಪಿಗೆ ನನ್ನ ಅಂಗಡಿಗೆ ಬಂದು ನನಗೆ ಬೈಯುತ್ತಾರೆ. ನೀರಿಗೆ ಮಾತ್ರ ಯಾರೂ ಬೈಯುವುದಿಲ್ಲ. ಭೂಮಿಯ ಹೊಟ್ಟೆ ಬಗೆದು ಮೇಲೆತ್ತಿದ ಬೋರ್‌ವೆಲ್ ನೀರು ನಮ್ಮದು. ಬಂದದ್ದೇ ಪುಣ್ಯ ಅಂದುಕೊಂಡು ಬಳಸುತ್ತೇವೆ. ಆ ನೀರು ಕಾದಾಗಲೆಲ್ಲ ಸುಣ್ಣದಂಥ ಬಿಳಿ ಪದರವೊಂದನ್ನು ಗೀಸರಿನೊಳಗೆ ಬಿಟ್ಟುಹೋಗುತ್ತದೆ. ಬೇರೆ ಊರಿನಲ್ಲಿ ವರ್ಷಗಟ್ಟಲೆ ಬಾಳುವ ಕಾಯಿಲ್ ನಮ್ಮಲ್ಲಿ ಬೇಗ ಕೈಕೊಡುತ್ತದೆ. ಅದರಿಂದಲೇ ನನ್ನ ವ್ಯಾಪಾರ ನಡೆಯುತ್ತದೆ, ಅದರಿಂದಲೇ ಮುನಿಯಲ್ಲಪ್ಪನವರ ಕೆಲಸವೂ ನಡೆಯುತ್ತಿತ್ತು.

ಅಂಗಡಿ ಇರುವುದು ಕ್ಲಾಕ್ ಟವರ್ ಹತ್ತಿರ. ನಮ್ಮಪ್ಪ ಇಟ್ಟ ಎಲೆಕ್ಟ್ರಿಕಲ್ ಅಂಗಡಿ, ಅವರು ಹೋದ ಮೇಲೆ ನಾನು ನಡೆಸುತ್ತಿದ್ದೇನೆ. ನನ್ನ ಹೆಸರು ತ್ರಿವೇಣಿ. ಬಾಯಿ ಜೋರು ಅಂತ ಬೀದಿಯವರೆಲ್ಲ ಹೇಳುತ್ತಾರೆ, ಅದರಲ್ಲಿ ಸುಳ್ಳೇನಿಲ್ಲ. ಮುನಿಯಲ್ಲಪ್ಪ ಅಪ್ಪನ ಕಾಲದಿಂದಲೂ ನಮ್ಮ ಅಂಗಡಿ ಮುಂದಿನ ಬೆಂಚಿನ ಮೇಲೆ ಕೂರುತ್ತಿದ್ದ ಮೆಕ್ಯಾನಿಕ್. ಬೆಳಿಗ್ಗೆ ಸುಗಟೂರಿನಿಂದ ಟಿವಿಎಸ್ ಮೇಲೆ ಬರುವರು. ಹ್ಯಾಂಡಲಿಗೆ ರೆಕ್ಸಿನ್ ಚೀಲ, ಜೇಬಿನಲ್ಲಿ ಟೆಸ್ಟರ್. ಗೀಸರ್ ಬಿಟ್ಟು ಬೇರೆ ಕೆಲಸ ಮುಟ್ಟುತ್ತಿರಲಿಲ್ಲ. ಫ್ಯಾನ್ ಸ್ವಲ್ಪ ನೋಡಿ ಅಂದರೆ, "ಅದಕ್ಕೆ ಬೇರೆಯೋರು ಅವ್ರೆ" ಅಂದು ಬೀಡಿ ಹಚ್ಚುವರು.

ಗಿರಾಕಿ ಫೋನ್ ಮಾಡಿ ಗೀಸರ್ ಕೆಟ್ಟುಹೋಗಿದೆ ಅಂದರೆ ಅವರಿಗೆ ಸಿಟ್ಟು ಬರುತ್ತಿತ್ತು. "ಕೆಟ್ಟೋಗಿದೆ ಅಂತ ನೀವು ಹೇಳ್ಬೇಡಿ. ಏನಾಗ್ತಾ ಇದೆ ಅದನ್ನ ಹೇಳಿ" ಅನ್ನುವರು. ದೀಪ ಉರಿಯುತ್ತದೆ, ನೀರು ತಣ್ಣಗಿದೆ ಅಂದರೆ ಕಾಯಿಲ್ ಸುಟ್ಟಿದೆ. ದೀಪವೇ ಇಲ್ಲ ಅಂದರೆ ಗೀಸರ್ ಬಿಚ್ಚುವ ಮೊದಲು ಗೋಡೆಯ ಪ್ಲಗ್ ಕಪ್ಪಾಗಿದೆಯೇ ನೋಡಬೇಕು. ನೀರು ಕಾಯುವುದು ತಡ, ಒಳಗಿನಿಂದ ಕುಯ್ ಅನ್ನುವ ಸದ್ದು ಅಂದರೆ ಕಾಯಿಲ್ ಮೇಲೆ ಸುಣ್ಣ ಕೂತಿದೆ. ಬಿಚ್ಚಿ, ನಿಂಬೆ ಉಪ್ಪಿನ ನೀರಿನಲ್ಲಿ ನೆನೆಹಾಕಿ ಕೆರೆದರೆ ಇನ್ನೊಂದಷ್ಟು ದಿನ ಬರುತ್ತದೆ. ನೀರು ಕುದಿದು ನಲ್ಲಿಯಲ್ಲಿ ಹಬೆ ಬರುತ್ತಿದೆ ಅಂದರೆ, ನೀರು ಕಾದ ಮೇಲೆ ಕರೆಂಟು ಕಡಿಯುವ ಥರ್ಮೋಸ್ಟಾಟ್ ಅಂಟಿಕೊಂಡಿದೆ, ಅವರು ಬರುವ ತನಕ ಯಾರೂ ಸ್ವಿಚ್ ಮುಟ್ಟಬಾರದು. ಕಾಯುವಾಗ ಕೆಳಗಿನ ವಾಲ್ವ್ ತೊಟ್ಟಿಕ್ಕುತ್ತದೆ ಅಂದರೆ ಅದು ರೋಗವೇ ಅಲ್ಲ. "ಅದು ಉಸಿರಾಡ್ತಾ ಇದೆ, ಬಿಟ್ಬಿಡಿ. ಹನಿ ನೀರು ಉಳಿಸ್ತೀವಿ ಅಂತ ಕಡ್ಡಿ ಗಿಡ್ಡಿ ತುರುಕೀರ" ಅನ್ನುವರು. ನಮ್ಮ ಜಿಲ್ಲೆಯಲ್ಲಿ ಹಾಗೆ ತುರುಕುವವರಿಗೆ ಬರವಿಲ್ಲ, ಅದನ್ನು ಅವರು ಬೇಕಾದಷ್ಟು ಕಂಡಿದ್ದರು.

ನಲ್ಲಿ ಮುಟ್ಟಿದರೆ ಜುಮ್ ಅನ್ನುತ್ತದೆ ಅಂದಾಗ ಮಾತ್ರ ಅವರು ಏನೂ ಕೇಳುತ್ತಿರಲಿಲ್ಲ. ಕುಡಿಯುತ್ತಿದ್ದ ಟೀ ಬೆಂಚಿನ ಮೇಲಿಟ್ಟು ಟಿವಿಎಸ್ ಹತ್ತುವರು. ಕಾಯಿಲ್ ಬಿರುಕು ಬಿಟ್ಟು ಕರೆಂಟು ನೀರಿಗೆ ಇಳಿಯುತ್ತಿದೆ ಅಂತ ಅದರ ಅರ್ಥ. ಅದನ್ನು ಎಳೆದುಕೊಂಡು ಹೋಗಿ ಭೂಮಿಗೆ ಬಿಡಬೇಕಾದ ಅರ್ತಿಂಗ್ ವೈರೂ ಕೆಲಸ ಮಾಡುತ್ತಿಲ್ಲ ಅಂತಲೂ ಅರ್ಥ. ಆ ವೈರು ಇಳಿಯುವ ಅರ್ತಿಂಗ್ ಗುಂಡಿಗೆ ಉಪ್ಪು, ಇದ್ದಿಲು ಹಾಕಿ ಮುಚ್ಚಿದರೆ ಸಾಲದು, ಬೇಸಿಗೆಯಲ್ಲಿ ಅದಕ್ಕೆ ನೀರು ಹಾಕುತ್ತಿರಬೇಕು, ನಮ್ಮ ಒಣ ನೆಲದಲ್ಲಿ ಅದು ಬಿರಿದು ಸತ್ತುಹೋಗುತ್ತದೆ. ಹೋದ ಮನೆಯಲ್ಲೆಲ್ಲ ಅವರು ಇದನ್ನೇ ಹೇಳಿಬರುತ್ತಿದ್ದರು. ನೀರು ಹಾಕಿದರೆ ಅಲ್ಲಿ ಏನು ಬೆಳೆಯುತ್ತದೆ ಅಂತ ಜನ ತಮಾಷೆ ಮಾಡುವರು.

ಇಷ್ಟು ಗೊತ್ತಿದ್ದ ಮನುಷ್ಯನಿಗೆ ಮಾತು ಕೇಳುವುದು ಮಾತ್ರ ಗೊತ್ತಿರಲಿಲ್ಲ. ಥರ್ಮೋಸ್ಟಾಟ್ ಬದಲಾಯಿಸಲು ಕರೆದರೆ ಸ್ವಿಚ್‌ಬೋರ್ಡ್ ಬಿಚ್ಚಿ ಅರ್ತಿಂಗ್ ನೋಡುವರು. "ಅದನ್ನ ಯಾಕ್ರೀ ಮುಟ್ತೀರಾ, ಹೇಳಿದ್ದಷ್ಟು ಮಾಡ್ರೀ" ಅಂತ ಮನೆಯವರು ಕೂಗಾಡಿದರೂ ಕಿವಿಗೆ ಹಾಕಿಕೊಳ್ಳದೆ ಮುಗಿಸಿಯೇ ಏಳುವರು. ಬಾಣಂತಿ ಇರುವ ಮನೆಯವರು ನೀರು ಮೈ ಸುಡುವಷ್ಟು ಬೇಕು, ಆ ಥರ್ಮೋಸ್ಟಾಟ್ ತೆಗೆದು ಕರೆಂಟು ನೇರ ಕೊಡಿ ಅಂತ ಗೋಗರೆಯುತ್ತಾರೆ, ಆಗ ಚೀಲ ಎತ್ತಿಕೊಂಡು ಎದ್ದು ಬರುವರು. ದೂರುಗಳೆಲ್ಲ ನನಗೆ ಬರುತ್ತಿದ್ದವು. ನಾನು ರೇಗಿದರೆ ನನ್ನ ಮುಖ ನೋಡಿ, "ಬೈಸ್ಕೊಂಡ್ರೆ ಏನು ಮೈ ಸವೀತದಾ ತ್ರಿವೇಣಮ್ಮ" ಅನ್ನುವರು. ಇಂಥವರ ಹತ್ತಿರ ಜಗಳವಾಡಿಯೂ ಸುಖವಿಲ್ಲ.

ಅವರಿಗೆ ಒಬ್ಬಳೇ ಮಗಳು, ಮೌನಿಕಾ. ಕೋಲಾರದಲ್ಲೇ ಬಿಕಾಂ ಓದಿದಳು. ಕಾಲೇಜು ಮುಗಿಸಿ ಅಪ್ಪನ ಟಿವಿಎಸ್ಸಿನ ಹಿಂದೆ ಕೂತು ಊರಿಗೆ ಹೋಗುತ್ತಿದ್ದವಳು, ಬಸ್ ತಪ್ಪಿದ ದಿನ ನನ್ನ ಅಂಗಡಿಯಲ್ಲೇ ಕೂತು ಬಿಲ್ ಬರೆಯುತ್ತಿದ್ದಳು. ಮೆದು ಸ್ವಭಾವ, ಯಾರಾದರೂ ಒಂದು ಮಾತು ಜೋರಾಗಿ ಆಡಿದರೆ ಕಣ್ಣು ತುಂಬಿಕೊಳ್ಳುವಳು. ಹೋದ ಕಾರ್ತಿಕದಲ್ಲಿ ಅವಳನ್ನು ಮಾಲೂರು ತಾಲ್ಲೂಕಿನ ಮಾಸ್ತಿಗೆ ಕೊಟ್ಟರು. ಹುಡುಗ ನಂದೀಶ್, ಮಾಲೂರಿನ ಫ್ಯಾಕ್ಟರಿಯೊಂದರಲ್ಲಿ ಕೆಲಸ. ತಂದೆ ಶ್ರೀನಿವಾಸಪ್ಪ, ತಾಯಿ ಶಾಮಲಮ್ಮ, ಸ್ವಲ್ಪ ತೋಟ, ಹಸುಗಳು, ತಾರಸಿ ಮನೆ. ಒಳ್ಳೆಯ ಜನ. ಈಗಲೂ ನಾನು ಒಳ್ಳೆಯ ಜನ ಎಂದೇ ಹೇಳುತ್ತೇನೆ.

ಮದುವೆ ಮಾಲೂರಿನ ಛತ್ರದಲ್ಲಿ. ಬೆಳಗಿನ ಚಳಿಯಲ್ಲಿ ಛತ್ರದ ಗೀಸರ್ ಕೈಕೊಟ್ಟಿತು, ಗಂಡಿನ ಕಡೆಯವರು ತಣ್ಣೀರಿನ ಮುಂದೆ ಬಕೆಟ್ ಹಿಡಿದು ಗೊಣಗುತ್ತ ನಿಂತರು. ಮುನಿಯಲ್ಲಪ್ಪ ರೇಷ್ಮೆ ಪಂಚೆ ಎತ್ತಿ ಕಟ್ಟಿ ಸ್ಟೂಲ್ ಹತ್ತಿದರು. ಪುರೋಹಿತರು ಧಾರೆಗೆ ಹೆಣ್ಣಿನ ತಂದೆ ಎಲ್ಲಿ ಅಂತ ಕೇಳುವ ಹೊತ್ತಿಗೆ ಆಸಾಮಿ ಬಚ್ಚಲಿನಿಂದ ಹೊರಬಂದರು, ಶಲ್ಯದ ತುಂಬ ಬಿಳಿ ಪುಡಿ. ಗಂಡಿನ ಕಡೆಯ ಹುಡುಗರು "ಗೀಸರ್ ಬೀಗರು" ಅಂತ ಹೆಸರಿಟ್ಟರು. ಮುನಿಯಲ್ಲಪ್ಪನೂ ಸೇರಿ ನಕ್ಕರು. ಹಸೆಮಣೆಯ ಮೇಲೆ ಕೂತಿದ್ದ ಮೌನಿಕಾ ನಗಲಿಲ್ಲ, ನಾನು ಅವಳ ಮುಖ ನೋಡಿದ್ದೆ.

ಮದುವೆಯಾದ ಮೊದಲ ಯುಗಾದಿಗೆ ಮಗಳು ಅಳಿಯ ಸುಗಟೂರಿಗೆ ಬಂದರು. ಆಗಲೇ ಅವಳಿಗೆ ಮೂರು ತಿಂಗಳು. ಮಾರನೆಯ ದಿನ ಹೊಸತೊಡಕಿಗೆ ಬೀಗರು ಇವರನ್ನೆಲ್ಲ ಮಾಸ್ತಿಗೆ ಕರೆದಿದ್ದರು. ಹೊಸತೊಡಕೆಂದರೆ ಮಾಂಸದೂಟ, ಬೀಗರು ಬೀಗರನ್ನು ಕರೆದು ಉಪಚಾರ ಮಾಡುವ ದಿನ. ಮುನಿಯಲ್ಲಪ್ಪನ ಹೆಂಡತಿ ಆದಿಲಕ್ಷ್ಮಿ ನನ್ನನ್ನೂ ಬಿಡದೆ ಕರೆದುಕೊಂಡು ಹೊರಟರು. ಹೊರಡುವಾಗ ಗಂಡನ ಜೇಬಿನಿಂದ ಟೆಸ್ಟರ್ ಕಿತ್ತು ಮೊಳೆಗೆ ನೇತುಹಾಕಿದ ಚೀಲದೊಳಗೆ ಹಾಕಿದರು. "ಬೀಗರ ಮನೆಗೆ ಹೋಗ್ತಿರೋದು, ಗಿರಾಕಿ ಮನೆಗಲ್ಲ" ಅಂದರು.

ಬೀಗರ ಉಪಚಾರ ಎಂದರೆ ಗೊತ್ತಲ್ಲ. ಹೆಣ್ಣು ಕೊಟ್ಟವನು ಆ ದಿನ ತನ್ನ ಲೋಟಕ್ಕೆ ತಾನು ನೀರು ಬಗ್ಗಿಸಿಕೊಂಡರೂ ಮನೆಯವರಿಗೆ ಅವಮಾನ. ಮುನಿಯಲ್ಲಪ್ಪನಿಗೆ ಶಲ್ಯ ಹೊದಿಸಿದರು, ಮೊದಲ ಪಂಕ್ತಿಯಲ್ಲಿ ನಡುವೆ ಕೂರಿಸಿದರು, ಬೇಡ ಬೇಡ ಅಂದರೂ ಎಲೆಗೆ ಸುರಿದರು. ಊಟವಾದ ಮೇಲೆ ಕೈಯ ಜಿಡ್ಡು ಹೋಗಲಿ ಅಂತ ಶಾಮಲಮ್ಮನೇ ಬಚ್ಚಲು ತೋರಿಸಿ, "ಬಿಸಿನೀರು ಬರ್ತದೆ ಬೀಗರೇ, ಗೀಸರ್ ಹಾಕೈತೆ" ಅಂದರು. ಆ ಮನೆಯವರು ಬಚ್ಚಲಿಗೆ ಹೋಗುವಾಗ ಬಾಗಿಲಲ್ಲಿಟ್ಟ ರಬ್ಬರ್ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದರು. ಮುನಿಯಲ್ಲಪ್ಪ ಬರಿಗಾಲಲ್ಲಿ ಹೋದರು.

ಹೊರಬಂದಾಗ ಅವರ ಮುಖ ಬದಲಾಗಿತ್ತು. ಕೈ ತೊಳೆಯಲು ನಾನು ಹಿಂದೆಯೇ ನಿಂತಿದ್ದೆ. ಅವರು ಮತ್ತೆ ಒಳಗೆ ಹೋಗಿ ಬೆರಳುಗಳ ಹಿಂಬದಿಯನ್ನು ನಲ್ಲಿಗೆ ತಾಗಿಸಿ ಸರಕ್ಕನೆ ಎಳೆದುಕೊಂಡರು. ನನಗೆ ಅಷ್ಟರಲ್ಲೇ ಅರ್ಥವಾಯಿತು. ನಡುಮನೆಗೆ ಬಂದು ಅಳಿಯನನ್ನು ಕರೆದು, "ಒಂದು ಟೆಸ್ಟರ್ ಇದ್ಯೇನಪ್ಪ?" ಅಂದರು.

ಯಾಕೆ ಅಂತ ಅವರು ಹೇಳುವಷ್ಟರಲ್ಲಿ ಇಡೀ ನಡುಮನೆ ನಕ್ಕಿತು. "ಗೀಸರ್ ಬೀಗರು ಶುರು ಮಾಡ್ಕೊಂಡ್ರು ನೋಡಪ್ಪ" ಅಂತ ಯಾರೋ ಅಂದರು. ಶ್ರೀನಿವಾಸಪ್ಪ ಎದ್ದು ಅವರ ಕೈ ಹಿಡಿದು ಕೂರಿಸಿ, "ಸುಮ್ನೆ ಕೂತ್ಕೊಳ್ಳಿ ಬೀಗರೇ, ಎಲೆ ಅಡಿಕೆ ಹಾಕಿ" ಅಂದರು. ಶಾಮಲಮ್ಮ ತಟ್ಟೆ ಮುಂದಿಟ್ಟು, "ಹೆಣ್ಣು ಕೊಟ್ಟೋರ ಕೈಲಿ ರಿಪೇರಿ ಮಾಡಿಸ್ಕೊಂಡ್ರು ಅಂತ ನಮ್ಮನ್ನ ಆಡ್ಕೊಳ್ಲಿ ಅಂತಾನಾ?" ಅಂದರು. ಪ್ರೀತಿಯಿಂದಲೇ ಅಂದದ್ದು. ನಂದೀಶನೂ ನಗುತ್ತ ನಿಂತಿದ್ದ, ಚೆಂದದ ಹುಡುಗ, ಮಾವನ ಪಕ್ಕದಲ್ಲಿ ಕೂತು ಎಲೆಗೆ ಸುಣ್ಣ ಸವರಿಕೊಟ್ಟ.

ಮುನಿಯಲ್ಲಪ್ಪ ಸ್ವಲ್ಪ ಹೊತ್ತು ಕೂತು, ಬೀಡಿಯ ನೆಪ ಮಾಡಿಕೊಂಡು ಹಿತ್ತಲಿಗೆ ಎದ್ದರು. ನಾನೂ ಹಿಂದೆ ಹೋದೆ. ಅವರು ಗೋಡೆಯ ಮೇಲಿಂದ ಇಳಿದ ಅರ್ತಿಂಗ್ ವೈರನ್ನು ಕಣ್ಣಲ್ಲೇ ಹಿಂಬಾಲಿಸುತ್ತ ನೆಲ ನೋಡುತ್ತಿದ್ದರು. ವೈರು ಸಿಮೆಂಟಿನೊಳಗೆ ಹೋಗಿ ಮಾಯವಾಗಿತ್ತು. ಮದುವೆಗೆ ನೆಂಟರು ಬರುತ್ತಾರೆ, ಚೊಕ್ಕಟವಾಗಿರಲಿ ಅಂತ ಶ್ರೀನಿವಾಸಪ್ಪ ಹಿತ್ತಲಿಗೆಲ್ಲ ಸಿಮೆಂಟ್ ಹಾಕಿಸಿದ್ದರು. ಗುಂಡಿ ಅದರಡಿಯಲ್ಲಿ ಮುಚ್ಚಿಹೋಗಿತ್ತು, ಮೇಲಿಂದ ಹನಿ ನೀರು ಇಳಿಯುವ ಹಾಗಿರಲಿಲ್ಲ. ಮುನಿಯಲ್ಲಪ್ಪ ಬಗ್ಗಿ ಸಿಮೆಂಟಿನ ಮೇಲೆ ಕೈಯಾಡಿಸಿದರು.

ಅಷ್ಟರಲ್ಲಿ ಮೌನಿಕಾ ಬಂದಳು. ಅತ್ತೆ ಮನೆಯ ಸೊಸೆಯಾಗಿ ಸೆರಗು ಸಿಕ್ಕಿಸಿ ಬಡಿಸಿ ಬಡಿಸಿ ಬೆವೆತಿದ್ದಳು. "ಅಪ್ಪಾ, ಏನ್ ಹುಡುಕ್ತಿದೀಯ?" ಅಂದಳು.

"ಗೀಸರಿಂದ ಕರೆಂಟ್ ಬರ್ತಾ ಇದೆ ಕಣಮ್ಮ. ಅರ್ತಿಂಗ್ ಸತ್ತೋಗಿದೆ. ನಾನು ಹೋಗಿ ವೈರ್ ಬಿಚ್ಚಾಕ್ಬಿಡ್ತೀನಿ, ಆಮೇಲೆ ನೋಡ್ಕೊಳ್ಳೋಣ."

ಅವಳು ಅಪ್ಪನ ಕೈ ಹಿಡಿದುಕೊಂಡಳು. "ಇವತ್ತು ಬೇಡ ಕಣಪ್ಪಾ. ನಿನ್ ಕಾಲಿಗೆ ಬೀಳ್ತೀನಿ. ಮದ್ವೇಲಿ ಮಾಡಿದ್ದನ್ನೇ ಇನ್ನೂ ಆಡ್ಕೊಂಡು ನಗ್ತಾರೆ. ನೀನು ಹೋಗ್ತೀಯ, ನಾನು ಈ ಮನೇಲಿ ಬಾಳ್ಬೇಕು. ಇವತ್ತೊಂದಿನ ಸುಮ್ನಿರು." ಆಗಲೇ ಕಣ್ಣು ತುಂಬಿತ್ತು.

ಮುನಿಯಲ್ಲಪ್ಪ ಬಚ್ಚಲಿನ ಕಡೆ ನೋಡಿದರು, ಮಗಳ ಕಡೆ ನೋಡಿದರು. ಹತ್ತಾರು ಮನೆಗಳಲ್ಲಿ ಯಜಮಾನಿಯರ ಕೂಗಾಟಕ್ಕೆ ಸೊಪ್ಪು ಹಾಕದ ಮನುಷ್ಯ ಆವತ್ತು ಮಗಳ ಕಣ್ಣೀರಿಗೆ ಸೋತರು. "ಸರಿ. ಸ್ವಿಚ್ ಆರಿಸಿ ಹೋಗ್ತೀನಿ. ನಾಳೆ ಜನ ಇರಲ್ಲ, ನಾನೇ ಬಂದು ಮಾಡ್ತೀನಿ. ಅಲ್ಲಿತನಕ ಯಾರೂ ಅದನ್ನ ಹಾಕ್ಬಾರ್ದು, ನಂದೀಶಪ್ಪಂಗೂ ಅತ್ತೆಗೂ ಹೇಳ್ತೀಯ?" ಅಂದರು.

"ಹೇಳ್ತೀನಿ" ಅಂದಳು.

ಅವರು ಒಳಗೆ ಹೋಗಿ ಸ್ವಿಚ್ ಆರಿಸಿದರು. ನಾವು ಎಲೆ ಅಡಿಕೆ ತಾಂಬೂಲ ತೆಗೆದುಕೊಂಡು ಹೊರಟೆವು. ಶಾಮಲಮ್ಮ ಮಡಿಲಿಗೆ ತೋಟದ ಮಾವಿನಕಾಯಿ ತುಂಬಿಸಿಕೊಟ್ಟರು. ದಾರಿಯುದ್ದಕ್ಕೂ ಮುನಿಯಲ್ಲಪ್ಪ ಕಿಟಕಿಯಾಚೆ ನೋಡುತ್ತ ಕೂತಿದ್ದರು, ಉಣಿಸಿದ್ದು ಜಾಸ್ತಿಯಾಯಿತೇನೋ ಅಂತ ಆದಿಲಕ್ಷ್ಮಿ ಅಂದುಕೊಂಡರು.

ಆ ರಾತ್ರಿ ಏನಾಯಿತು ಅಂತ ಮೌನಿಕಾ ನನಗೆ ಎಷ್ಟೋ ದಿನಗಳ ಮೇಲೆ ಹೇಳಿದಳು. ನೆಂಟರು ಹೊರಟದ್ದು ತಡವಾಯಿತು, ಪಾತ್ರೆಯ ರಾಶಿ ಮುಗಿಯಲಿಲ್ಲ, ಮುಗಿಸಿ ಕೋಣೆಗೆ ಹೋದರೆ ನಂದೀಶ ಮಲಗಿದ್ದ. ಎಬ್ಬಿಸಿ ಗೀಸರಿನ ಮಾತು ಏನು ಹೇಳುವುದು, ಬೆಳಿಗ್ಗೆ ಹೇಳಿದರಾಯಿತು ಅಂದುಕೊಂಡಳು. ಬೆಳಗಿನ ಶಿಫ್ಟಿಗೆ ಅವನು ಎದ್ದ. ಬಸುರಿ ಹೆಂಗಸು, ನಿನ್ನೆಯೆಲ್ಲ ನಿಂತೇ ಇದ್ದಾಳೆ, ಮಲಗಲಿ ಅಂತ ಅವಳನ್ನು ಎಬ್ಬಿಸಲಿಲ್ಲ. ತಾನೇ ಸ್ವಿಚ್ ಹಾಕಿಕೊಂಡು, ಕತ್ತಲಲ್ಲಿ ರಬ್ಬರ್ ಚಪ್ಪಲಿ ಹುಡುಕದೆ ಬರಿಗಾಲಲ್ಲೇ ಸ್ನಾನಕ್ಕೆ ಹೋದ. ಅವಳಿಗೆ ಎಚ್ಚರವಾದದ್ದು ಶಾಮಲಮ್ಮ ಬಚ್ಚಲಿನ ಬಾಗಿಲು ಬಡಿಯುವ ಸದ್ದಿಗೆ.

ನನಗೆ ಇದೇನೂ ತಿಳಿದಿರಲಿಲ್ಲ. ಅಂಗಡಿ ಬಾಗಿಲು ತೆಗೆಯುವುದನ್ನೇ ಕಾಯುತ್ತ ಮುನಿಯಲ್ಲಪ್ಪ ಬೆಂಚಿನ ಮೇಲೆ ಕೂತಿದ್ದರು. ಒಂದು ಹೊಸ ಕಾಯಿಲ್, ಅರ್ತಿಂಗಿಗೆ ತಾಮ್ರದ ವೈರು ಕೇಳಿದರು. ಒಳ್ಳೆಯದೇ ಕೊಡು, ಮಗಳ ಮನೆಗೆ ಅಂದರು. ಟಿವಿಎಸ್ ಹತ್ತಿ ಹೊರಟ ಮೇಲೆ ಆದಿಲಕ್ಷ್ಮಿಯ ಫೋನ್ ಬಂತು. ಅವರ ಮಾತು ಮಾತಾಗಿರಲಿಲ್ಲ. ಮುನಿಯಲ್ಲಪ್ಪನ ಫೋನಿಗೆ ಮಾಡಿದೆ, ಗಾಡಿ ಓಡಿಸುವಾಗ ಅವರು ಯಾವತ್ತೂ ಫೋನ್ ಎತ್ತುವವರಲ್ಲ. ನಾನು ಅಂಗಡಿ ಮುಚ್ಚಿ ಆದಿಲಕ್ಷ್ಮಿಯನ್ನು ಕರೆದುಕೊಂಡು ಕಾರಿನಲ್ಲಿ ಹೋದೆ. ಮುನಿಯಲ್ಲಪ್ಪ ನಮಗಿಂತ ಮೊದಲೇ ಮಾಸ್ತಿ ತಲುಪಿದ್ದರು. ಮನೆ ಮುಂದೆ ಜನ ನಿಂತಿರುವುದನ್ನು ನೋಡಿದಾಗ ಹ್ಯಾಂಡಲಿನಲ್ಲಿ ಚೀಲ ಹಾಗೇ ಇತ್ತಂತೆ.

ಮಾಲೂರಿನ ಆಸ್ಪತ್ರೆಯಿಂದ ಹುಡುಗನನ್ನು ತಂದು ಅಂಗಳದಲ್ಲಿ ಮಲಗಿಸಿದಾಗ ಮಧ್ಯಾಹ್ನ ಕಳೆದಿತ್ತು. ಹಿಂದಿನ ದಿನ ಪಂಕ್ತಿ ಹಾಕಿದ್ದ ಜಾಗ ಅದು. ಕರೆಂಟ್ ಹೊಡೆದಿದೆ ಅಂತ ಎಲ್ಲರಿಗೂ ಗೊತ್ತಾಗಿತ್ತು. ಆದರೆ ಅಷ್ಟು ದಿನ ಹೊಡೆಯದ ಕರೆಂಟು ಇವತ್ತೇ ಯಾಕೆ ಹೊಡೆಯಿತು ಅನ್ನುವುದಕ್ಕೆ ಊರಿನವರ ಹತ್ತಿರ ಬೇರೆ ಉ‌ತ್ತರವಿತ್ತು. ಹೆಂಗಸರ ಗುಂಪಿನಲ್ಲಿ ಮೊದಲು ಪಿಸುಗುಟ್ಟಿದ ಮಾತನ್ನು ಕೊನೆಗೆ ಶಾಮಲಮ್ಮ ಎದೆ ಹೊಡೆದುಕೊಂಡು ಎಲ್ಲರೆದುರಿಗೆ ಅಂದರು. "ಇವ್ಳ ಕಾಲ್ಗುಣ. ಕಾಲಿಟ್ಟು ವರ್ಷ ತುಂಬ್ಲಿಲ್ಲ, ನನ್ ಮಗನ್ನ ತಿಂದ್ಕೊಂಡ್ಳು. ಹೊಟ್ಟೇಲಿರೋದು ಇನ್ನೇನ್ ತರ್ತದೋ."

ನನಗೆ ಮೈ ಉರಿದುಹೋಯಿತು. ಮಗ ಸತ್ತ ತಾಯಿ, ಬಾಯಿಗೆ ಬಂದದ್ದು ಅನ್ನುತ್ತಾಳೆ ಅಂತ ಹಲ್ಲು ಕಚ್ಚಿಕೊಂಡೆ. ಗೋಡೆಗೆ ಒರಗಿ ಕೂತಿದ್ದ ಮೌನಿಕಾ ಎದ್ದು ನಿಂತಳು. ಅವಳ ಮುಖ ನೋಡಿಯೇ ನನಗೆ ಗೊತ್ತಾಯಿತು, ಎಲ್ಲ ಹೇಳಿಬಿಡುತ್ತಾಳೆ. "ಅತ್ತೆ, ಅಪ್ಪ ನಿನ್ನೇನೇ ಹೇಳಿದ್ರು. ನಾನೇ..." ಅಂದಳು.

"ನುವ್ವು ಊರ್ಕೋಮ್ಮಾ." ನೀನು ಸುಮ್ಮನಿರಮ್ಮ ಅಂತ, ಮನೆಯೊಳಗಿನ ತೆಲುಗಿನಲ್ಲಿ, ಮುನಿಯಲ್ಲಪ್ಪ ಗದರಿದರು. ಅವರು ಮಗಳನ್ನು ಗದರಿದ್ದನ್ನು ನಾನು ಅಲ್ಲಿಯ ತನಕ ಕೇಳಿರಲಿಲ್ಲ. ಅವಳು ಬೆಚ್ಚಿ ನಿಂತಳು. ಅವರು ಹೆಣದ ಕಾಲಬಳಿ ಬಂದು ಶ್ರೀನಿವಾಸಪ್ಪನ ಎದುರು ಕೈ ಮುಗಿದರು.

"ಬೀಗರೇ, ಮಗೂನ ಏನೂ ಅನ್ಬೇಡಿ. ನಿನ್ನೆ ಕೈ ತೊಳೆಯೋವಾಗ ನನಗೆ ಶಾಕ್ ಹೊಡೀತು. ನನ್ ಕಸುಬೇ ಅದು, ಏನು ಅಂತ ನನಗೆ ತಿಳೀತು. ಟೆಸ್ಟರ್ ಕೇಳ್ದೆ, ನೀವು ನಕ್ರಿ, ನಾನೂ ನಕ್ಕು ಸುಮ್ನಾದೆ. ಹಬ್ಬದ ಮನೇಲಿ ಯಾಕೆ ಅಂತ ಬಾಯಿ ಬಿಟ್ಟು ಯಾರಿಗೂ ಹೇಳ್ಲಿಲ್ಲ. ಇವ್ಳಿಗೂ ಹೇಳ್ಲಿಲ್ಲ. ಉಂಡು ಎದ್ದೋದೆ. ಅನ್ನೋದಿದ್ರೆ ನನ್ನ ಅನ್ನಿ."

ಶ್ರೀನಿವಾಸಪ್ಪ ತಲೆ ತಗ್ಗಿಸಿದರು, ಟೆಸ್ಟರಿನ ಮಾತು ಅವರಿಗೆ ನೆನಪಿತ್ತು. ಶಾಮಲಮ್ಮ ಎದ್ದು ಬಂದು ಮುನಿಯಲ್ಲಪ್ಪನ ಅಂಗಿ ಹಿಡಿದು ಜಗ್ಗಿದರು, ಎದೆಗೆ ಗುದ್ದಿದರು, ನಿನ್ನ ವಂಶ ನಾಶವಾಗ ಅಂತ ಶಪಿಸಿದರು. ಅವರು ಮುಗಿದ ಕೈ ಬಿಚ್ಚಲಿಲ್ಲ. ಸುಳ್ಳು, ನಾನು ಅಲ್ಲೇ ಇದ್ದೆ, ನಾನು ಕೇಳಿದ್ದೇನೆ ಅಂತ ಕೂಗಬೇಕು ಅನ್ನಿಸಿ ನನ್ನ ಗಂಟಲವರೆಗೂ ಬಂತು. ಆಗ ಮುನಿಯಲ್ಲಪ್ಪ ನನ್ನ ಕಡೆ ತಿರುಗಿ ನೋಡಿದರು. ಬಾಯಿ ಜೋರಿನ ನಾನು ಬಾಯಿಗೆ ಬೀಗ ಹಾಕಿಕೊಂಡೆ. ಯಾಕೆಂದರೆ ಶಾಮಲಮ್ಮ ಗುದ್ದಿ ಸುಸ್ತಾಗಿ, ತಿರುಗಿ ಮೌನಿಕಾಳನ್ನು ತಬ್ಬಿಕೊಂಡು, "ನಿನ್ ಅಪ್ಪನೇ ನಿನ್ ಕುಂಕುಮ ಅಳಿಸ್ದನಲ್ಲೇ ಕಂದಾ" ಅಂತ ಅಳಲು ಶುರು ಮಾಡಿದ್ದರು.

ಅಲ್ಲಿಂದ ಮುಂದೆ ಕಾಲ್ಗುಣದ ಮಾತು ಆ ಮನೆಯಲ್ಲಿ ಯಾರೂ ಎತ್ತಲಿಲ್ಲ. ಶಾಮಲಮ್ಮ ಸೊಸೆಯನ್ನು ಕಣ್ಣಿಂದ ಮರೆಯಾಗಲು ಬಿಡಲಿಲ್ಲ, ಹೊಟ್ಟೆಯಲ್ಲಿರುವುದು ನಂದೀಶನ ಕುಡಿ ಅಂತ ಹಿಡಿದುಕೊಂಡರು. ಹೆರಿಗೆಗೆ ತವರಿಗೆ ಕಳಿಸುವುದಿಲ್ಲ, ತಾಯಿ ಬೇಕಾದರೆ ಬಂದು ನೋಡಲಿ, ಆ ಮನುಷ್ಯ ಮಾತ್ರ ನಮ್ಮ ಹೊಸಿಲು ತುಳಿಯಬಾರದು ಅಂತ ತಿಥಿಯ ದಿನವೇ ಹೇಳಿಕಳಿಸಿದರು.

ಸುದ್ದಿ ನಮ್ಮ ಊರಿಗೆ ಬರಲು ಎಷ್ಟು ಹೊತ್ತು ಬೇಕು? ಶಾಕ್ ಹೊಡೆದರೂ ಅಳಿಯನಿಗೆ ಹೇಳದೆ ಉಂಡುಬಂದ ಮೆಕ್ಯಾನಿಕ್ ಅಂತ ಮಾತು ಹರಡಿತು. ಬರುತ್ತಿದ್ದ ಫೋನ್‌ಗಳು ನಿಂತವು. ಬೇರೆ ಯಾರಾದರೂ ಇದ್ದರೆ ಕಳಿಸಮ್ಮ ಅಂತ ನನ್ನ ಹತ್ತಿರವೇ ಕೇಳಿದರು. ಹಾಗೆ ಕೇಳಿದವರು ಮುನಿಯಲ್ಲಪ್ಪನಿಗೆ ಬೈದು ಬೈದು ಕೆಲಸ ಮಾಡಿಸಿಕೊಂಡಿದ್ದ ಮನೆಗಳವರೇ. ಅಂಥವರಿಗೆ ನಾನು ಸಾಮಾನು ಕೊಡದೆ ಕಳಿಸಿದ್ದುಂಟು, ವ್ಯಾಪಾರ ಹಾಳಾದರೆ ಆಗಲಿ. ಮುನಿಯಲ್ಲಪ್ಪ ಕೆಲವು ದಿನ ಬೆಂಚಿನ ಮೇಲೆ ಬಂದು ಕೂತರು, ಆಮೇಲೆ ಬರುವುದು ನಿಲ್ಲಿಸಿದರು. ಈಗ ಸುಗಟೂರಿನ ಪಂಚಾಯಿತಿಯಲ್ಲಿ ವಾಟರ್‌ಮ್ಯಾನ್, ಬೀದಿ ನಲ್ಲಿಗಳಿಗೆ ನೀರು ಬಿಡುತ್ತಾರೆ. ಆ ಬಗ್ಗೆ ಅವರು ಒಂದು ದಿನವೂ ಗೊಣಗಿಲ್ಲ, ಅದೇ ನನಗೆ ತಡೆಯಲಾಗದ್ದು.

ಮೌನಿಕಾಳಿಗೆ ಹೆಣ್ಣುಮಗು ಹುಟ್ಟಿತು. ತೊಟ್ಟಿಲಿಗೆ ಹಾಕುವ ದಿನ ಆದಿಲಕ್ಷ್ಮಿಯ ಜೊತೆ ನಾನೂ ಹೋದೆ. ಮುನಿಯಲ್ಲಪ್ಪ ನಮ್ಮ ಜೊತೆಗೇ ಬಸ್ ಹತ್ತಿದರು, ಮಾಸ್ತಿಯಲ್ಲಿ ಇಳಿದು ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತುಬಿಟ್ಟರು. "ನೀವು ಹೋಗ್ಬನ್ನಿ. ಯಾರನ್ನ ಹೋಲ್ತದೆ ಅಂತ ನೋಡ್ಕೊಂಡ್ ಬಂದು ಹೇಳಿ" ಅಂದರು.

ತೊಟ್ಟಿಲಿಗೆ ಹಾಕಿದ್ದಾಯಿತು, ಊಟವಾಯಿತು. ಹೊರಡುವಾಗ ಮೌನಿಕಾ ನನ್ನ ಹತ್ತಿರ ಬಂದು, "ಅಕ್ಕಾ, ಅಪ್ಪ ಬಂದಿದಾರಾ?" ಅಂತ ಮೆಲ್ಲಗೆ ಕೇಳಿದಳು. ನಾನು ತಲೆಯಾಡಿಸಿದೆ. ಅವಳು ಮಗುವನ್ನು ಎತ್ತಿಕೊಂಡು, "ಅತ್ತೆ, ಅಮ್ಮನ್ನ ಬಸ್ ಹತ್ತಿಸಿ ಬರ್ತೀನಿ" ಅಂದಳು. ಬಾಣಂತಿ, ಹಸುಗೂಸು, ಹೊರಗೆ ಉರಿಬಿಸಿಲು. ಶಾಮಲಮ್ಮ ಅವಳನ್ನೇ ನೋಡಿದರು. ಅವರಿಗೆ ತಿಳಿಯಿತು ಅಂತ ನಾನು ಆಣೆ ಮಾಡಿ ಹೇಳಬಲ್ಲೆ. "ಕೂಸಿಗೆ ಕುಲಾವಿ ಹಾಕು, ಬೇಗ ಬಾ" ಅಂದರು, ಅಷ್ಟೇ.

ಬಸ್ ಸ್ಟ್ಯಾಂಡಿನಲ್ಲಿ ಅವಳು ಮಗುವನ್ನು ಅಪ್ಪನ ತೊಡೆಯ ಮೇಲಿಟ್ಟಳು. ಅವರು ಕೈಯನ್ನು ಪಂಚೆಗೆ ಒರೆಸಿಕೊಂಡು ಮಗುವಿನ ಪಾದ ಮುಟ್ಟಿದರು. ನಂದೀಶಪ್ಪನ ಮೂಗು ಅಂದರು. ಮೌನಿಕಾ ಅಲ್ಲೇ ನೆಲದ ಮೇಲೆ ಕುಸಿದು ಅವರ ಮೊಣಕಾಲಿಗೆ ತಲೆಯಿಟ್ಟಳು.

"ಅಪ್ಪಾ, ನನ್ನಿಂದ ಆಗಲ್ಲ. ಅತ್ತೆ ದಿನಾ ನನ್ನ ತಲೆ ಸವರಿ ನಿನ್ನ ಬೈತಾರೆ. ಇವತ್ತು ನಿಜ ಹೇಳ್ಬಿಡ್ತೀನಿ. ನೀನು ಹೇಳಿದ್ದೆ, ನಾನೇ ಅವ್ರಿಗೆ ಹೇಳ್ಲಿಲ್ಲ. ನಿನ್ನ ಸುಮ್ನಿರು ಅಂದಿದ್ದೂ ನಾನೇ."

ಮುನಿಯಲ್ಲಪ್ಪ ಮಗುವಿನ ಮುಖದ ಮೇಲೆ ಬೀಳುತ್ತಿದ್ದ ಬಿಸಿಲಿಗೆ ಕೈ ಅಡ್ಡ ಹಿಡಿದರು.

"ಸುಮ್ನಿರು ಅಂತ ನನಗೆ ಎಷ್ಟ್ ಜನ ಹೇಳಿಲ್ಲಮ್ಮ" ಅಂದರು. "ಯಾರ ಮಾತು ಕೇಳಿದೀನಿ ನಾನು? ಯಾರ್ಯಾರೋ ಮನೇಲಿ ಬೈಸ್ಕೊಂಡು ಅರ್ತಿಂಗ್ ನೋಡ್ದೆ. ನಿನ್ ಮನೇಲಿ ಮರ್ಯಾದೆ ನೋಡ್ದೆ. ನೀನು ಹೇಳಿದ್ದು ಒಂದು ಮಾತು ಅಷ್ಟೇ, ಕೇಳಿದ್ದು ನಾನು. ಅವತ್ತು ನಾನು ಸುಳ್ಳು ಹೇಳ್ಲಿಲ್ಲ ಕಣಮ್ಮ, ನೀನು ಹೋಗಿ ಹೇಳೋಕೆ ಬೇರೆ ನಿಜ ಏನೂ ಇಲ್ಲ."

ಆದಿಲಕ್ಷ್ಮಿಗೆ ಆಗ ಎಲ್ಲ ಗೊತ್ತಾಯಿತು. ಅವರು ಸೆರಗು ಬಾಯಿಗೆ ಒತ್ತಿಕೊಂಡು ಆ ಕಡೆ ತಿರುಗಿ ನಿಂತರು. ಮಾಲೂರಿನ ಬಸ್ ಬಂತು. ಕಂಡಕ್ಟರ್ ಮತ್ತೆ ಮತ್ತೆ ಕೂಗಿದ ಮೇಲೆ ಮುನಿಯಲ್ಲಪ್ಪ ಮಗುವನ್ನು ಮಗಳ ಕೈಗೆ ಕೊಟ್ಟು ಎದ್ದರು.